ಮುತ್ಯಾನ ಕಲ್ಲಿನ ಕಾರ್ಡು

ನನಗ ಸಿಟ್ಟು ಯಾವಾಗಲೂ ಮೂಗಿನ ತುದಿ ಮ್ಯಾಲೆ. ವಯಸ್ಸಾತು, ಇನ್ನರ ಕಡಿಮಿ ಆಗಬೇಕಿತ್ತು, ಆಗಿಲ್ಲ. ಧಾರವಾಡದ ಆ ಸಣ್ಣ ವಸ್ತುಸಂಗ್ರಹಾಲಯದಾಗ ಕಾರಕೂನ ಕೆಲಸ ಸಿಕ್ಕಾಗ ನನಗ ಇಪ್ಪತ್ತೆರಡು ವರ್ಷ. ಅರವತ್ತರ ದಶಕ ಆಗಷ್ಟ ಶುರುವಾಗಿತ್ತು. ನಮ್ಮ ಮನಿತನದಾಗ ಟೇಬಲ್ಲಿನ ಮುಂದ ಖುರ್ಚಿ ಹಾಕ್ಕೊಂಡು ಕುಂತು ದುಡದಾಕಿ ನಾನ ಮೊದಲನೇದಾಕಿ. ಕೆಲಗೇರಿ ಕೆರಿ ಹತ್ರ ನಮ್ಮ ಮನಿ. ಹಳೇ ದೇವರ ಜಗಲಿ ತಗದು ಬುದ್ಧನ ಪಟ ಹಾಕಿ ನಾಕೈದು ವರ್ಷ ಆಗಿತ್ತು. ಓಣ್ಯಾಗ ನಾ ಚಪ್ಪಲ್ ಟಕ್ ಟಕ್ ಅನಿಸ್ಕೋತ ಹೊಂಟ್ರ ಮುದುಕ್ಯಾರು ಸುದ್ದಾ ಬಾಗಲಾಗ ಬಂದು ನೋಡತಿದ್ರು. ನನ್ನ ಧಿಮಾಕು ಅಂತೂ ಕೇಳಬ್ಯಾಡ್ರಿ.

ಆ ಸಂಗ್ರಹಾಲಯ ಅಂದ್ರ ಒಂದು ಹಳೇ ಬಂಗಲೆ, ನಾಕು ಖೋಲಿ. ಕಲ್ಲಿನ ಮೂರ್ತಿ, ಶಾಸನದ ತುಂಡು, ಕತ್ತಿ, ತಾಮ್ರದ ಕೊಡ, ಹಳೇ ದೀಪ, ಎಲ್ಲಾ ಒಂದರ ಮಗ್ಗಲಕ ಒಂದು. ಅವುಗಳ ವಿವರ ಇದ್ದದ್ದು ಮೂರು ದಪ್ಪ ವಹಿಯೊಳಗ. ಮೂರು ವಹಿ ಮೂರು ಕಾರಕೂನರು ಮೂರು ಕಾಲದಾಗ ಬರದದ್ದು. ಒಬ್ಬಾಂವ ಅಳತಿನ ಗೇಣು ಬಟ್ಟಿನಾಗ ಬರದಿದ್ದ, ಇನ್ನೊಬ್ಬ ಇಂಚಿನಾಗ. ಮೂರನೇ ಪುಣ್ಯಾತ್ಮ "ಅಳತಿ: ಸಾಧಾರಣ" ಅಂತ ಬರದು ಕೈ ತೊಳಕೊಂಡಿದ್ದ. ಒಂದ ನಮೂನಿ ಪಾತ್ರಿಗೆ ಒಬ್ಬಾಂವ ತಂಬಗಿ ಅಂದ್ರ ಒಬ್ಬಾಂವ ಚೆಂಬು, ಮತ್ತೊಬ್ಬ ಲೋಟಾ. ಯಾರರ ಬಂದು ನಿಮ್ಮಲ್ಲೆ ತಂಬಗಿ ಎಷ್ಟವ ಅಂತ ಕೇಳಿದ್ರ ಉತ್ತರ ಇರಲಿಲ್ಲ.

ಇದನ್ನೆಲ್ಲಾ ಕಾರ್ಡಿಗೆ ಇಳಸೂದು ನನ್ನ ಕೆಲಸ. ಒಂದು ವಸ್ತುವಿಗೆ ಒಂದು ಕಾರ್ಡು. ಒಂದೊಂದು ಕಾರ್ಡಿಗೆ ಏಳು ಕಾಲಂ: ನಂಬರು, ವಸ್ತು, ಯಾತರಿಂದ ಮಾಡಿದ್ದು, ಅಳತಿ, ಸಿಕ್ಕ ಠಿಕಾಣಿ, ಕೊಟ್ಟವರು, ಮತ್ತ ಕಡೀಕ ಹೆಚ್ಚಿಂದೇನರ ಹೇಳೂದಿದ್ರ ಬರಿಯಾಕ ಶೇರಾ. ನಾ ಕೈಯಿಂದ ಕಚ್ಚಾ ಬರದು ಕೊಡಬೇಕು, ಟೈಪಿಸ್ಟರು ಎರಡು ಪ್ರತಿ ಟೈಪ್ ಮಾಡಬೇಕು. ಒಂದು ಪ್ರತಿ ನಮ್ಮ ಡ್ರಾವರಿನಾಗ, ಇನ್ನೊಂದು ಬೆಂಗಳೂರಿಗೆ.

ನಮ್ಮ ಸಾಹೇಬರು, ಅಂದ್ರ ಸಂಗ್ರಹಾಲಯದ ಮುಖ್ಯಸ್ಥರು, ಒಣಕಲು ಮೈಯ್ಯ ಸಜ್ಜನ ಮನಶ್ಯಾ. ಒಂದು ಜೋರು ಮಾತಿಲ್ಲ, ಆದ್ರ ಒಂದು ಚುಕ್ಕಿ ತಪ್ಪಿದ್ರ ರಾತ್ರಿ ನಿದ್ದಿ ಇಲ್ಲ ಅವರಿಗೆ. ಮೊದಲನೇ ವಾರದಾಗ ನನ್ನ ಕರದು, "ಬಾಯಾರ, ಬರಿಯೂಕಿಂತ ಮೊದಲ ಹ್ಯಾಂಗ ಬರೀಬೇಕು ಅಂತ ಠರಾಯಿಸೂಣು. ಇಲ್ಲಾಂದ್ರ ನಾವೂ ನಾಕನೇ ವಹಿ ಬರದಂಗಾಗತದ," ಅಂದ್ರು. ನನಗ ಭಾಳ ಸೇರಿತು ಆ ಮಾತು. ಇಬ್ಬರೂ ಕೂಡಿ ಹದಿನೈದು ದಿನ ಕುಂತು ನಿಯಮ ಮಾಡಿದ್ವಿ. ಅಳತಿ ಎಲ್ಲಾ ಸೆಂಟಿಮೀಟರಿನಾಗ, ಮೊದಲ ಎತ್ತರ, ಆಮ್ಯಾಲೆ ಅಗಲ, ಆಮ್ಯಾಲೆ ದಪ್ಪ. ವಸ್ತುವಿನ ಹೆಸರು ನಮ್ಮ ಪಟ್ಟಿಯೊಳಗ ಇದ್ದದ್ದನ್ನ ಬರೀಬೇಕು. ಯಾವ ಕಾಲಮ್ಮೂ ಖಾಲಿ ಬಿಡಬಾರದು, ಗೊತ್ತಿಲ್ಲಾಂದ್ರ "ಗೊತ್ತಿಲ್ಲ" ಅಂತನ ಬರೀಬೇಕು.

ಒಂಬತ್ತನೇ ನಿಯಮ ಮಾತ್ರ ಪೂರಾ ನಂದು. ಮೂರನೇ ವಹಿಯ ಮಹಾಶಯ ಶೇರಾದಾಗ ಕಥಿ ಬರಿಯಾಂವ. ಒಂದು ಮುಕ್ಕಾದ ಕತ್ತಿ ಮುಂದ "ಈ ಕತ್ತಿಯಿಂದ ಹುಲಿಯನ್ನ ಎರಡು ತುಂಡು ಮಾಡಿದ್ದರೆಂದು ಚಹಾದಂಗಡಿಯವರು ಹೇಳಿದರು" ಅಂತ ಬರದಿದ್ದ. ನಾ ಸಾಹೇಬರ ಮುಂದ ಅದನ್ನ ಓದಿ ಹೊಟ್ಟಿ ಹಿಡಕೊಂಡು ನಕ್ಕೆ. ನಕ್ಕು, ಹಾಳಿ ತಗೊಂಡು ಬರದೆ: "ವಸ್ತು ಬಂದ ಕಾಲದಲ್ಲಿ ಲಿಖಿತವಾಗಿ ದಾಖಲಾಗದ ಯಾವ ಸಂಗತಿಯೂ ಕಾರ್ಡಿಗೆ ಬರಕೂಡದು. ಬಾಯಿಮಾತು ದಾಖಲೆಯಲ್ಲ." ಸಾಹೇಬರು ಎರಡು ಸಲ ಓದಿ, "ಬೇಷ್," ಅಂದ್ರು. ಅವರ ಬಾಯಿಂದ ಆ ಶಬ್ದ ಅಷ್ಟ ಸಲೀಸಾಗಿ ಬರತಿದ್ದಿಲ್ಲ. ಅವತ್ತು ಮನಿ ಮುಟ್ಟೂತನಕಾ ನಾ ನೆಲದ ಮ್ಯಾಲೆ ನಡದೇ ಇಲ್ಲ.

ನಿಯಮದ ಹಾಳಿ ಗ್ವಾಡಿಗೆ ಅಂಟಿಸಿದೆ. ಮುಂದ ನಾಕು ತಿಂಗಳು ಆ ಟೈಪಿಸ್ಟರ ಜೀವ ತಿಂದೆ. ಅವರು ಹುಬ್ಬಳ್ಳಿ ಕೇಶ್ವಾಪುರದವರು, ದಿನಾ ಮುಂಜಾನಿ ರೈಲಿಗೆ ಬರತಿದ್ರು. ನನಗಿಂತ ಹತ್ತು ಹನ್ನೆರಡು ವರ್ಷ ಹಿರೇರು, ಸಂಸಾರವಂದಿಗರು, ನಗಮಾರಿ. ಒಂದು ದಿನ ಒಂದು ಹಿತ್ತಾಳಿ ಅಡಕತ್ತರಿ ಕಾರ್ಡು ಬಂತು. ವಹಿಯೊಳಗ "ಕೊಟ್ಟವರು: ಹುಬ್ಬಳ್ಳಿಯ ಒಬ್ಬ ಗೃಹಸ್ಥರು" ಅಂತ ಇತ್ತು. ಟೈಪಿಸ್ಟರು ಶೇರಾದಾಗ ತಮ್ಮ ಸೋದರಮಾವನ ಹೆಸರು ಸೇರಿಸಿ ಟೈಪ್ ಮಾಡಿಬಿಟ್ಟಿದ್ರು.

"ಇದ್ಯಾಕ್ರಿ?" ಅಂದೆ.

"ಬಾಯಾರ, ಆ ಗೃಹಸ್ಥರು ನಮ್ಮ ಮಾವಾರ. ನಾನ ಅವರ ಜೋಡಿ ಬಂದಿದ್ನೆಲ್ರಿ. ಈ ಕೈಯಾಗ ಹಿಡಕೊಂಡು ಬಂದೇನಿ ಅದನ್ನ."

ನಾ ಗ್ವಾಡಿ ಕಡೆ ಬಟ್ಟು ಮಾಡಿ ತೋರಿಸಿ, "ಒಂಬತ್ತು," ಅಂದೆ. ಅಷ್ಟ. ಅವರು ಎರಡನೇ ಸಲ ಕೇಳಿದ್ರು, ಮೂರನೇ ಸಲ ಕೇಳಿದ್ರು. ಮೂರೂ ಸಲ ಕಾರ್ಡು ಹೊಳ್ಳಿ ಕೊಟ್ಟೆ. ಮೂರನೇ ಸಲ, "ಎಲ್ಲಾರೂ ತಮ್ಮ ತಮ್ಮ ಮಾವಂದಿರನ್ನ ತಂದು ಕುಂಡ್ರಿಸಿದ್ರ ಇದು ಸಂಗ್ರಹಾಲಯ ಆಗೂದಿಲ್ರಿ, ಲಗ್ನದ ಮನಿ ಆಗತೈತಿ," ಅಂತ ಬ್ಯಾರೆ ಅಂದೆ. ಅವರು ಕಾರ್ಡು ಹೊಸದಾಗಿ ಹೊಡದು ಕೊಟ್ರು. ನಾಕು ದಿನ ಮಾತಾಡಲಿಲ್ಲ. ನಾ ಏನ್ ಕಡದೇನಿ ಅಂತ ಬೀಗಿದ್ನೆಪಾ, ಈಗ ನೆನಸ್ಕೊಂಡ್ರ ಮೈ ಉರಿತೈತಿ.

ಅದಾದ ಮ್ಯಾಲೆ ಶಾಸನದ ಕಲ್ಲುಗಳ ಸರದಿ ಬಂತು. ಎರಡನೇ ವಹಿ ತಿರುವಿ ಹಾಕಾಕತ್ತಿದ್ದೆ. ಒಂದು ಪುಟದಾಗ ಕಣ್ಣು ನಿಂತು ಹೋತು. "ಶಾಸನದ ತುಂಡು. ಕರಿಕಲ್ಲು. ಸಿಕ್ಕ ಠಿಕಾಣಿ: ಕೆಲಗೇರಿ ಕೆರೆ, ಹೂಳು ತೆಗೆಯುವಾಗ." ಅದು ನಮ್ಮ ಮುತ್ಯಾನ ಕಲ್ಲು.

ಮುತ್ಯಾ ಅಂದ್ರ ನಮ್ಮಪ್ಪನ ಅಪ್ಪ. ಆಗ ಎಂಬತ್ತರ ಆಸುಪಾಸು, ಕಣ್ಣು ಮಬ್ಬು, ಕಿವಿ ಮಾತ್ರ ಚುರುಕು. ನಾ ಹುಟ್ಟಿದಾಗಿಂದ ಆ ಕಲ್ಲಿನ ಸುದ್ದಿ ಕೇಳಿದ್ದೆ. ಬರಗಾಲದ ಒಂದು ವರ್ಷ ಸರಕಾರದವರು ಕೆರಿ ಹೂಳು ತಗಸಾಕತ್ತಿದ್ರಂತ. ಮುತ್ಯಾನ ಗುದ್ದಲಿಗೆ ಖಣ್ ಅಂತ ಕಲ್ಲು ಬಡೀತಂತ. ಉಳದವರು ಅದನ್ನ ಒಡದು ಒಡ್ಡಿಗೆ ಹಾಕೂಣು ಅಂದ್ರು. ಮುತ್ಯಾ ರುಮಾಲು ಬಿಚ್ಚಿ ರಾಡಿ ಒರಸಿದ. ಗೆರಿ ಕಂಡ್ವು. "ಓದಾಕ ಬರೂದಿಲ್ಲ ಖರೇ, ಆದ್ರ ಅದು ಅಕ್ಷರ ಅಂತ ತಿಳೀತವ್ವಾ," ಅಂತಿದ್ದ. ಆಳುಗಳ ಮ್ಯಾಲಿನ ಮುಕಾದಮ ಬೈದ, ಕೋಲು ಎತ್ತಿದ. ಮುತ್ಯಾ ಹೋಗಿ ಕಲ್ಲಿನ ಮ್ಯಾಲೆ ಕುಂತುಬಿಟ್ಟ. ಒಡೀಬೇಕಾದ್ರ ನನ್ನ ಒಡೀರಿ ಅಂದ. ಆ ಗದ್ದಲ ಕೇಳಿ ಕೆರಿ ಕೆಳಗಿನ ಜಮೀನಿನ ಗೌಡರು ಬಂದ್ರು, ನೋಡಿದ್ರು, ಚಕ್ಕಡಿ ತರಿಸಿ ಕಲ್ಲು ಒಯ್ದ್ರು. ಕಥಿ ಅಷ್ಟ. ಅದನ್ನ ಮುತ್ಯಾ ಸಾವಿರ ಸಲ ಹೇಳಿದ್ರೂ ಓಣ್ಯಾಗ ನಂಬಿದಾವ್ರು ಕಡಿಮಿ. "ಹೌದೌದು, ನೀನ ಕೆತ್ತಿರಬೇಕು ತಗೋ," ಅಂತ ಚಾಷ್ಟಿ ಮಾಡತಿದ್ರು.

ವಹಿಯೊಳಗ "ಕೊಟ್ಟವರು" ಅನ್ನೋದರ ಮುಂದ ಗೌಡರ ಹೆಸರಿತ್ತು. ಊರು, ಮನಿತನ, ಶ್ರೀಮಾನ್, ಎಲ್ಲಾ ಹಚ್ಚಿ ಒಂದು ಸಾಲು ತುಂಬ. ಶೇರಾದಾಗ "ಏನೂ ಇಲ್ಲ" ಅಂತ ಇತ್ತು. ಸಿಕ್ಕಿದ್ದು ಯಾರ ಗುದ್ದಲಿಗೆ ಅಂತ ಹೇಳೋ ಕಾಲಂ ನಮ್ಮ ಕಾರ್ಡಿನಾಗ ಇರಲೇ ಇಲ್ಲ. ಏಳು ಕಾಲಂ ನಾನ ಗೆರಿ ಎಳದು ಠರಾಯಿಸಿದ್ದೆ, ಒಂದು ಸಲಾನೂ ಅದು ತಲಿಗೆ ಬಂದಿದ್ದಿಲ್ಲ.

ಇಷ್ಟಾದ್ರೂ ನಾ ಸುಮ್ಮನಿರಬೇಕಿತ್ತು. ಇರಲಿಲ್ಲ. ಸಂಜೀಮುಂದ ಮನಿಗೆ ಓಡಿ ಹೋಗಿ ಹೊರಸಿನ ಮ್ಯಾಲೆ ಕುಂತ ಮುತ್ಯಾನ ಕಿವ್ಯಾಗ, "ಮುತ್ಯಾ, ನಿನ್ನ ಕಲ್ಲು ಸಿಕ್ತು! ನಮ್ಮ ಆಫೀಸಿನಾಗ ಐತಿ! ಅದರ ಕಾರ್ಡು ನಾನ ಬರಿಯಾಕಿ!" ಅಂತ ಕೂಗಿದೆ. ಮುದುಕ ನನ್ನ ಮಣಿಕಟ್ಟು ಹಿಡದು, "ನನ್ನ ಹೆಸರ ಬರೀತಿ?" ಅಂತ ಕೇಳಿದ. "ಬರೀದ ಬಿಡತೇನಿ?" ಅಂದೆ. ಆ ಮಾತು ಬಾಯಿಂದ ಹೊಂಟ ಕೂಡ್ಲೆ ನನ್ನ ಕೊಳ್ಳಾಗ ಹಗ್ಗ ಬಿತ್ತು.

ಮರುದಿನ ಸಾಹೇಬರ ಮುಂದ ನಿಂತೆ. ಎಲ್ಲಾ ಹೇಳಿದೆ. ಅವರು ಕನ್ನಡಕ ತಗದು ಒರಸ್ಕೋತ ಪೂರಾ ಕೇಳಿದ್ರು.

"ನಿಮ್ಮ ಅಜ್ಜಾರು ಸುಳ್ಳು ಹೇಳತಾರ ಅಂತ ನಾ ಅನ್ನೂದಿಲ್ಲ," ಅಂದ್ರು. "ಆದ್ರ ಇದು ಬಾಯಿಮಾತು ಅಲ್ಲೇನ್ರಿ?"

"ಅವರ ಹೆಬ್ಬಟ್ಟು ಹಾಕಿಸಿ ಜಬಾನಿ ಹೇಳಿಕಿ ಬರಸ್ಕೊಂಡು ಬರತೇನ್ರಿ."

"ಅದು ಇವತ್ತಿನ ಕಾಗದ ಆಗತದ. ನಿಯಮದಾಗ ವಸ್ತು ಬಂದ ಕಾಲದ್ದು ಅಂತ ಅದ. ನೀವ ಬರದದ್ದು." ಆಮ್ಯಾಲೆ ನನ್ನ ಮಾರಿ ನೋಡಿ ಪಾಪ ಅನಿಸಿರಬೇಕು, "ಆ ಕಾಲದ್ದ ಒಂದು ಚೀಟಿ ಹುಡುಕ್ರಿ. ಸಣ್ಣದಾದ್ರೂ ಸಾಕು. ನಾನ ಸಹಿ ಮಾಡತೇನಿ," ಅಂದ್ರು.

ನಾ ಹುಡುಕಿದೆ. ರಜಾ ಹಾಕಿ ಕಚೇರಿ ಕಚೇರಿ ತಿರಗಿದೆ. ಕಡೀಕ ಒಂದು ಹಳೇ ದಫ್ತರಖಾನಿಯೊಳಗ ಕೆರಿ ಹೂಳಿನ ಹಾಜರಿ ಪುಸ್ತಕ ಸಿಕ್ಕಿತು. ಧೂಳಿಗೆ ಸೀನಿ ಸೀನಿ ಮೂಗು ಕೆಂಪಾಗಿತ್ತು, ಆದ್ರ ಪುಸ್ತಕ ಕೈಯಾಗ ಬಂದಾಗ ಅಳು ಬಂದಿತ್ತು ಖುಷಿಗೆ. ತಗದು ನೋಡತೇನಿ, ಮುಕಾದಮಂದು ಹೆಸರೈತಿ, ಬಡಿಗ್ಯಾಂದು ಐತಿ, ನೀರು ಹೊತ್ತ ಕ್ವಾಣದ ಮಾಲಕಂದು ಐತಿ. ಅಗದವರದು ಮಾತ್ರ ಒಂದೂ ಹೆಸರಿಲ್ಲ. ದಿನಾ ಒಂದ ನಮೂನಿ, ಗಂಡಾಳು ಇಷ್ಟು, ಹೆಣ್ಣಾಳು ಇಷ್ಟು. ಪುಟಾ ತಿರುವಿದೆ, ಮತ್ತ ತಿರುವಿದೆ. ಬರದಾಂವನ ಅಕ್ಷರ ಭಾಳ ಚಂದ ಇದ್ವು. ಎಲ್ಲಾ ಪುಟ ಒಂದ ಅಚ್ಚು, ಒಂದು ಗೆರಿ ಅತ್ಲಾಗಿತ್ಲಾಗ ಇಲ್ಲ. ನನಗ ಆ ಪುಸ್ತಕ ಹರದು ಒಗೀಬೇಕು ಅನಿಸಿತು.

ಇತ್ತ ಮನ್ಯಾಗ ದಿನಾ ಚಪ್ಪಲ್ ಸಪ್ಪಳ ಕೇಳೂದ ತಡ, "ಬರದಿ ಏನವ್ವಾ?" ಒಂದು ದಿನ ನಾಳೆ ಅಂದೆ. ಒಂದು ದಿನ ಟೈಪ್ ಆಗಬೇಕು ಅಂದೆ. ಒಂದು ದಿನ ಮಷೀನು ಕೆಟ್ಟೈತಿ ಅಂದೆ. ಮುತ್ಯಾ ಎಲ್ಲಾದಕ್ಕೂ, "ಆಗಲಿ, ಆಗಲಿ, ಸರಕಾರಿ ಕೆಲಸ," ಅಂತಿದ್ದ. ಬೈದಿದ್ರರ ಛಲೋ ಇತ್ತು. ಮನಿಗೆ ಹೋಗಾಕ ಬ್ಯಾಸರ ಬರಾಕತ್ತಿತು ನನಗ. ಕೆರಿ ದಂಡಿ ಮ್ಯಾಲೆ ಹೊತ್ತು ಮುಣಗೂತನಕಾ ಕುಂತು ಹೋಗತಿದ್ದೆ. ಆಫೀಸಿಗೆ ಬಂದ್ರ ಆ ಕಾರ್ಡು ಡ್ರಾವರಿನ ತಳದಾಗ. ಒಂದು ಕಡೆ ಮುದುಕ, ಇನ್ನೊಂದು ಕಡೆ ಗ್ವಾಡಿ ಮ್ಯಾಲಿನ ಹಾಳಿ.

ಬೆಂಗಳೂರಿಗೆ ಕಾರ್ಡು ಕಳಸೋ ಹೊತ್ತು ಬಂತು. ಶಾಸನಗಳದ್ದು ಒಂದ ಕಾರ್ಡು ಬಾಕಿ. ಸಾಹೇಬರು ಎರಡು ಸಲ ಕೇಳಿದ್ರು. ಕಡೀಕ ಒಂದು ಮಧ್ಯಾಹ್ನ ನಾ ಹಲ್ಲು ಕಚ್ಚಿ ಕಚ್ಚಾ ಕಾರ್ಡಿನ ಶೇರಾದಾಗ "ಹೂಳು ತೆಗೆಯುವಾಗ ಈ ಕಲ್ಲನ್ನು ಕಂಡು ಉಳಿಸಿದವರು" ಅಂತ ಬರದು ಮುತ್ಯಾನ ಹೆಸರು ಬರದೆ. ಟೈಪಿಸ್ಟರ ಟೇಬಲ್ಲಿನ ಮ್ಯಾಲೆ ಇಟ್ಟು ಹೊಳ್ಳಿ ನೋಡದ ಬಂದು ನನ್ನ ಖುರ್ಚಿಯಾಗ ಕುಂತೆ. ಮಷೀನಿನ ಸಪ್ಪಳ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಎದ್ದು ಬಂದ್ರು.

"ಯಾರ್ರಿ ಇವರು?" ಅಂದ್ರು ಸಣ್ಣ ದನಿಯಿಂದ.

"ನಮ್ಮ ಮುತ್ಯಾ."

ನಗತಾರ ಅಂತ ತಿಳದಿದ್ದೆ. ನಗಲಿಲ್ಲ. "ನಾ ಟೈಪ್ ಮಾಡತೇನ್ರಿ, ನನಗೇನು? ಆದ್ರ ಬಾಯಾರ, ಇದರ ಜೋಡಿ ನಮ್ಮ ಮಾವಾರ ಅಡಕತ್ತರಿ ಕಾರ್ಡೂ ತಿದ್ದೂಣು. ಇಬ್ರೂ ಕೂಡೇ ಸಾಹೇಬರ ಕಡೆ ಹೋಗೂಣು. ಒಂಬತ್ತನೇದು ತಪ್ಪೈತಿ, ಬದಲಿ ಮಾಡ್ರಿ ಅನ್ನೂಣು."

ಹೂಂ ಅನ್ನಬೇಕಿತ್ತು. ಒಂದು ಹೂಂ. ಇವತ್ತಿನ ತನಕಾ ನಾ ಆ ಹೂಂ ಅನ್ನಾಕತ್ತೇನಿ, ಮನಸಿನ್ಯಾಗ. ಅವತ್ತು ಯಾಕ ಅನ್ನಲಿಲ್ಲ ಹೇಳತೇನಿ. ಅಂಜಿಕಿ. ಕಾರ್ಡು ಬೆಂಗಳೂರಿಗೆ ಹೋಗತೈತಿ. ಅಲ್ಲೆ ಯಾರರ ಓದಿ, ಈ ಹೆಸರು ಯಾರದು, ಬರದಾಕಿ ಯಾರು ಅಂತ ಕೇಳಿದ್ರ? ಇಂಥಾ ಮಂದಿ ಕೈಯಾಗ ಟಾಕು ಕೊಟ್ರ ಮೊದಲ ತಮ್ಮ ಮನಿ ಹೆಸರ ಬರಕೋತಾರ ನೋಡ್ರಿ ಅಂದ್ರ? ನನ್ನ ಹಿಂದ ಬರೋ ಹುಡುಗ್ಯಾರಿಗೂ ಬಾಗಲಾ ಹಾಕಿದಂಗಾಗತೈತಿ ಅನಿಸಿತು. ಅದು ಅರ್ಧಾ ಖರೇ. ಉಳದರ್ಧಾ, ಈ ಟೈಪಿಸ್ಟರ ಮುಂದ ತಪ್ಪಾತು ಅನ್ನಾಕ ನನ್ನ ನಾಲಿಗಿ ಏಳಲಿಲ್ಲ. ಕಾರ್ಡು ಅವರ ಕೈಯಿಂದ ಕಸಗೊಂಡೆ, ಹರದೆ, ವಹಿಯೊಳಗ ಇದ್ದಂಗ ಇನ್ನೊಂದು ಬರದು ಕೊಟ್ಟೆ. ಶೇರಾ: ಏನೂ ಇಲ್ಲ. ಅವರು ಅದನ್ನ ಇದ್ದಂಗ ಟೈಪ್ ಮಾಡಿದ್ರು. ಬೆಂಗಳೂರಿನ ಪ್ರತಿ ಅವತ್ತ ಟಪಾಲಿಗೆ ಹೋತು.

ಸಂಜಿಗೆ ಮುತ್ಯಾ ಕೇಳಿದ. "ಬರದೆ ಮುತ್ಯಾ. ಆತು," ಅಂದೆ. ಸುಳ್ಳು ಹೇಳಿದ್ರ ಪೀಡಾ ತೊಲಗತೈತಿ ಅಂತ ನನ್ನ ಲೆಕ್ಕ. ಮುದುಕ ಹೊರಸಿನಿಂದ ಇಳದು ಒಳಗ ಹೋಗಿ ಬುದ್ಧನ ಪಟದ ಮುಂದ ನಿಂತ. ಹೊರಗ ಬಂದು, "ನಾಳಿಗೆ ನನ್ನ ಕರಕೊಂಡ ಹೋಗು. ನೋಡತೇನಿ," ಅಂದ. ನಿನಗ ಕಾಲು ನೋವು ಅಂತ ಹೇಳಿ ನೋಡಿದೆ, ಬಿಸಲು ಅಂತ ಹೇಳಿದೆ. ನಮ್ಮವ್ವನೂ ಬ್ಯಾಡ ಅಂದ್ಲು. "ಕೆರ್ಯಾಗಿಂದ ಎತ್ತಿದಾಂವಗ ನೋಡಾಕ ಆಗೂದಿಲ್ಲೇನು?" ಅಂದ.

ಮರುದಿನ ಮುಂಜಾನಿ ತೊಳದ ಧೋತರ ಉಟ್ಟು, ಬಿಳೇ ರುಮಾಲು ಸುತ್ತಿ ನನ್ನ ಹೆಗಲು ಹಿಡಕೊಂಡು ನಡದ. ದಾರಿ ತುಂಬ ಕಂಡಕಂಡವರಿಗೆ, "ಹೆಸರ ನೋಡಾಕ ಹೊಂಟೇನಿ," ಅಂದ. ಆಫೀಸಿನ ಮೆಟ್ಟಲದಾಗ ಕೆರವು ಬಿಟ್ಟ. ಬ್ಯಾಡ, ಹಾಕ್ಕೋ ಅಂದ್ರೂ ಕೇಳಲಿಲ್ಲ. ಸಾಹೇಬರು ಹೊರಗ ಬಂದು, "ಬರ್ರಿ ಅಜ್ಜಾರ," ಅಂತ ತಾವ ಖುರ್ಚಿ ಎಳದ್ರು. ಮುತ್ಯಾ ಕೂಡಲಿಲ್ಲ. ಸಾಹೇಬರು ಬ್ಯಾರೆ ಖೋಲಿಗೆ ಹೋದ್ರು. ಇದ್ದಾವ್ರು ನಾವಿಬ್ಬರು ಮತ್ತ ಮೂಲ್ಯಾಗ ಟೈಪಿಸ್ಟರು.

ಕಲ್ಲು ತೋರಿಸಿದೆ. ನೋಡಿದ ಅನ್ನೂಕಿಂತ ಮುಟ್ಟಿದ ಅನ್ನಬೇಕು. ಎರಡೂ ಕೈಯಿಂದ ಸವರಕೋತ ಹೋಗಿ ಎಡಗಡೆ ಒಂದು ಮುಕ್ಕಿಗೆ ಬಟ್ಟು ಸಿಕ್ಕೂಡ್ಲೆ, "ಇದ ನೋಡು, ನನ್ನ ಗುದ್ದಲಿದು," ಅಂದ. ದನಿ ಗಟ್ಟಿ ಇತ್ತು. ಇಷ್ಟು ವರ್ಷ ನಾನೂ ಒಳಗೊಳಗ ಅರ್ಧಾನ ನಂಬಿದ್ದೆ ಅಂತ ಆಗ ತಿಳೀತು.

"ಈಗ ಕಾರ್ಡ ತೋರಸು."

ಡ್ರಾವರು ಎಳದು ಕಾರ್ಡು ತಗದೆ. ಟೈಪಿಸ್ಟರ ಮಷೀನು ನಿಂತಿತು. ಮುತ್ಯಾ ಕಾರ್ಡು ಕಣ್ಣಿನ ಹತ್ರ ಹಿಡದು, ದೂರ ಹಿಡದು, "ಎಲ್ಲೈತಿ?" ಅಂದ.

ನಾ ಬಟ್ಟು ಇಟ್ಟೆ. ಇಡಾಕ ಇದ್ದದ್ದು ಒಂದ ಹೆಸರು. ಗೌಡರ ಸಾಲಿನ ಮ್ಯಾಲೆ ಇಟ್ಟೆ.

ಮುತ್ಯಾ ಆ ಸಾಲಿನ ಉದ್ದಕ್ಕೂ ತನ್ನ ಬಟ್ಟು ಆಡಿಸಿದ. ಅವನ ಹೆಸರು ಎರಡ ಅಕ್ಷರದ್ದು. ಓದಾಕ ಬರದಿದ್ರೂ ಅಷ್ಟು ಗೊತ್ತಿತ್ತು ಅವಗ. "ಇಷ್ಟುದ್ದ ಐತೇನವ್ವಾ ನನ್ನ ಹೆಸರು?" ಅಂದ.

"ನಿಮ್ಮಪ್ಪಂದೂ ಸೇರಿಸೇನಿ ಮುತ್ಯಾ."

"ಅಪ್ಪಂದೂ?" ಅಂದ. "ಅಪ್ಪ ಆ ಗೌಡರ ದನದ ಕೊಟಗ್ಯಾಗ ಸಗಣಿ ಬಾಚಿ ಸತ್ತಾಂವ. ಏ, ಬಾರೋ, ಹೋಗೋ ಅಂದಾವ್ರ ಎಲ್ಲಾರೂ. ಹೆಸರ ಹಿಡದು ಒಬ್ರೂ ಕರೀಲಿಲ್ಲ ಅವನ್ನ." ಧೋತರದ ಚುಂಗಿನಿಂದ ಬಟ್ಟು ಒರಸ್ಕೊಂಡ. ಒರಸ್ಕೊಂಡು ಆ ಸಾಲು ಮುಟ್ಟಿ ಎರಡೂ ಕಣ್ಣಿಗೆ ಹಚ್ಚಿಕೊಂಡ. ಮೂಲ್ಯಾಗ ಟೈಪಿಸ್ಟರು ಕಿಟಕಿ ಕಡೆ ಮಾರಿ ತಿರುವಿದ್ರು.

"ಓದಿ ಹೇಳು," ಅಂದ ಮುತ್ಯಾ.

ನಾ ಗೌಡರ ಹೆಸರಿನ ಕೆಳಗ ಬಟ್ಟು ಹಿಡದು, ಮುತ್ಯಾನ ಹೆಸರೂ ಅವರಪ್ಪನ ಹೆಸರೂ ಗಟ್ಟ್ಯಾಗಿ ಓದಿದೆ.

"ಮತ್ತೊಮ್ಮೆ ಓದು," ಅಂದ.

ನಾ ಮತ್ತೊಮ್ಮೆ ಓದಿದೆ.